ಸೂಜಿ ಸಿಸ್ಟರ್ ಚೈನಿಗೆ ಎಣ್ಣೆ ಬಿಟ್ಟಿದ್ದು

ಸೂಜಿ ಸಿಸ್ಟರ್ ಬರುತ್ತಿದ್ದಾಳೆ ಎಂಬುದು ಅವಳು ಬರುವುದಕ್ಕೆ ಎಷ್ಟೋ ಮೊದಲೇ ಇಡೀ ಬಡಾವಣೆಗೆ ತಿಳಿದುಹೋಗುತ್ತಿತ್ತು. ಅವಳದು ಕರೆಂಟಿನ ಸ್ಕೂಟರ್. ಹೊಗೆ ಇಲ್ಲ, ಇಂಜಿನ್ನಿನ ಗುರುಗುರು ಇಲ್ಲ, ಬೆಕ್ಕಿನ ಹಾಗೆ ಬಂದು ಬೆಕ್ಕಿನ ಹಾಗೆ ಹೋಗಬೇಕಾದ ಗಾಡಿ. ಆದರೆ ಮೋಟರಿನಿಂದ ಹಿಂದಿನ ಚಕ್ರಕ್ಕೆ ಒಂದು ಚೈನು ಇತ್ತು. ಆ ಚೈನು ಹಲ್ಲು ಬರುತ್ತಿರುವ ಕೂಸಿನ ಹಾಗೆ ಬೀದಿಯುದ್ದಕ್ಕೂ ಕೀಂ ಕೀಂ ಎಂದು ರಚ್ಚೆ ಹಿಡಿಯುತ್ತಿತ್ತು. ಪೆಟ್ರೋಲ್ ಗಾಡಿಯಾಗಿದ್ದರೆ ಇಂಜಿನ್ನಿನ ಗಲಾಟೆಯಲ್ಲಿ ಈ ಗೋಳು ಮುಚ್ಚಿಹೋಗುತ್ತಿತ್ತು. ಇಲ್ಲಿ ಮುಚ್ಚಲು ಏನೂ ಇರಲಿಲ್ಲವಾದ್ದರಿಂದ ಮಾನ ಮೂರಾಬಟ್ಟೆ.

ಕೀಂ ಕೀಂ ಕೇಳಿದ ಕೂಡಲೇ ಮೂಲೆಮನೆಯ ದೊಡ್ಡಮ್ಮ ಬಾಯಲ್ಲಿದ್ದ ಬಿಸ್ಕತ್ತನ್ನು ಅಗಿಯದೆ ನುಂಗಿ, ಡಬ್ಬಿಯನ್ನು ದಿಂಬಿನ ಕೆಳಗೆ ತಳ್ಳಿ, ಸಕ್ಕರೆ ಕಾಯಿಲೆಯವರಿಗೆ ಒಪ್ಪುವಂಥ ಮುಖ ಮಾಡಿಕೊಂಡು ಕೂರುತ್ತಿದ್ದಳು. ಸಿಸ್ಟರ ಎದುರುಮನೆಯ ಲೆಕ್ಕದ ಮೇಷ್ಟ್ರು, ಕ್ಲಾಸಿನಲ್ಲಿ ಹುಲಿ, ಇಂಜೆಕ್ಷನ್ನಿನ ದಿನ ಬಚ್ಚಲಮನೆ ಸೇರಿ ಚಿಲಕ ಹಾಕಿಕೊಳ್ಳುತ್ತಿದ್ದರು. ಸಿಸ್ಟರು ಬಾಗಿಲಾಚೆ ನಿಂತು, "ಸಾರ್, ನೀವು ಹೊರಗೆ ಬರೋವರೆಗೂ ನಾನು ಇಲ್ಲೇ ಕೂತು ಮಗ್ಗಿ ಹೇಳ್ತೀನಿ, ತಪ್ಪು ತಪ್ಪಾಗಿ" ಎಂದು ಹೆದರಿಸಿ ಹೊರಗೆ ಎಳೆಯಬೇಕಾಗಿತ್ತು.

ಇವಳು ಮೊದಲು ದೊಡ್ಡ ಆಸ್ಪತ್ರೆಯ ವಾರ್ಡಿನಲ್ಲಿದ್ದವಳು. ಮಗಳು ಹುಟ್ಟಿದ ಮೇಲೆ ರಾತ್ರಿ ಪಾಳಿಗೂ ಕೂಸಿಗೂ ಹೊಂದಲಿಲ್ಲ. ವಾರ್ಡ್ ಬಿಟ್ಟಳು, ಸ್ಕೂಟರ್ ತೆಗೆದುಕೊಂಡಳು, ಮನೆಮನೆಗೆ ಹೋಗಿ ಇಂಜೆಕ್ಷನ್ ಕೊಡುವುದು, ಗಾಯ ತೊಳೆದು ಪಟ್ಟಿ ಕಟ್ಟುವುದು ಶುರು ಮಾಡಿದಳು. ಮಗಳನ್ನು ಅತ್ತೆ ನೋಡಿಕೊಳ್ಳುತ್ತಿದ್ದರು. ಗಂಡ ಕನ್ನಡಕದ ಅಂಗಡಿಯಲ್ಲಿ ದಿನವಿಡೀ ಊರವರ ಕಣ್ಣು ಸರಿಮಾಡಿ, ಮನೆಗೆ ಬಂದ ಮೇಲೆ ಎದುರಿಗಿದ್ದ ತಟ್ಟೆಯೂ ಕಾಣದವನ ಹಾಗೆ ಇರುತ್ತಿದ್ದ.

"ರೀ, ಗಾಡಿ ಸಿಕ್ಕಾಪಟ್ಟೆ ಕೂಗ್ತಿದೆ, ಏನಾಗಿದೆ ನೋಡ್ರಿ" ಎಂದರೆ,

"ಕಿವಿಗೆ ಹಾಡು ಹಾಕ್ಕೊಂಡು ಓಡ್ಸು, ಕೇಳ್ಸಲ್ಲ" ಎಂದಿದ್ದ.

ಅಲ್ಲಿಗೆ ಗಂಡನ ಕೊಡುಗೆ ಮುಗಿಯಿತು.

ಚೈನಿನ ಆರೈಕೆಯನ್ನು ಅವಳೇ ಮಾಡುತ್ತಿದ್ದಳು. ಮಾಡುತ್ತಿರಲಿಲ್ಲ ಎಂದು ಯಾರೂ ಅನ್ನುವ ಹಾಗಿಲ್ಲ. ಭಾನುವಾರ ಬೆಳಿಗ್ಗೆ ಸ್ಕೂಟರನ್ನು ನಡುಸ್ಟ್ಯಾಂಡಿಗೆ ಏರಿಸಿ, ಮಗಳ ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಒಂದೊಂದೇ ಕೊಂಡಿಯನ್ನು ತಿಕ್ಕುವಳು. ಆಮೇಲೆ ಹತ್ತಿಗೆ ಸ್ಪಿರಿಟ್ ಅದ್ದಿ ಚಿಮುಟದಲ್ಲಿ ಹಿಡಿದು ಒರೆಸುವಳು. ಕೊನೆಗೆ ಮಗಳ ಮೆತ್ತನೆಯ ಹಳೇ ಲಂಗೋಟಿ ಬಟ್ಟೆಯಲ್ಲಿ ಒತ್ತಿ ಒತ್ತಿ ತೇವ ತೆಗೆಯುವಳು. ವಾರ್ಡಿನ ಹಿರಿಯ ಸಿಸ್ಟರು ಅವಳ ತಲೆಗೆ ಎರಡೇ ಮಾತು ತುಂಬಿ ಕಳಿಸಿದ್ದರು: ಶುಚಿಯಾಗಿರಬೇಕು, ಒಣಗಿರಬೇಕು. ಗಾಯಕ್ಕೆ ಹೇಳಿದ ಮಾತನ್ನು ಇವಳು ಗಾಡಿಗೂ ಹಚ್ಚಿದ್ದಳು. ಬೇಕಾದರೆ ಆಪರೇಷನ್ ಮೇಜಿನ ಮೇಲೆ ಇಡಬಹುದಾದಷ್ಟು ಶುಚಿಯಾದ ಚೈನು ಅದು. ಸೋಮವಾರ ಬೆಳಿಗ್ಗೆ ಹೊರಟರೆ ಶನಿವಾರಕ್ಕಿಂತ ಜೋರಾಗಿ ಕಿರುಚುತ್ತಿತ್ತು.

ಒಂದು ಸಲ ಎಣ್ಣೆ ಬಿಡೋಣವೇ ಎಂದು ಅವಳಿಗೆ ಅನ್ನಿಸಿದ್ದುಂಟು. ಆದರೆ ಅಷ್ಟರಲ್ಲಿ ತಿಳಿದವರನ್ನು ಕೇಳಿಬಿಟ್ಟಳು. ಆ ತಿಳಿದವರು ಡ್ರೈವರಜ್ಜ.

ಡ್ರೈವರಜ್ಜ ಅರ್ಧ ಆಯುಷ್ಯ ಬಸ್ಸು ಓಡಿಸಿ ನಿವೃತ್ತನಾದವನು. ಈಗ ಎಡಗಾಲಿನ ಕಿರುಬೆರಳ ಪಕ್ಕ ಒಂದು ಗಾಯ. ಸಕ್ಕರೆ ಕಾಯಿಲೆಯವರ ಗಾಯ, ಬಂದ ನೆಂಟನ ಹಾಗೆ ಹೋಗುವ ಮಾತೇ ಇಲ್ಲ. ದಿನ ಬಿಟ್ಟು ದಿನ ಸಿಸ್ಟರು ಹೋಗಿ ಪಟ್ಟಿ ಬದಲಿಸುತ್ತಿದ್ದಳು. ಅಜ್ಜ ಮಂಚದ ಮೇಲೆ ಮಲಗಿ, ಕಾಲನ್ನು ದಿಂಬಿನ ಮೇಲೆ ಇಟ್ಟು, ಸಣ್ಣಗೆ ನರಳುತ್ತಾ ಕಾಯುತ್ತಿರುತ್ತಿದ್ದ. ಅಂಥ ವಿಧೇಯ ರೋಗಿ ಇಡೀ ಬಡಾವಣೆಯಲ್ಲಿ ಇನ್ನೊಬ್ಬನಿರಲಿಲ್ಲ.

"ಅಜ್ಜ, ಚೈನಿಗೆ ಎಣ್ಣೆ ಬಿಡ್ಲಾ?" ಎಂದು ಕೇಳಿದ್ದಳು.

ಅಜ್ಜ ನರಳುವುದನ್ನು ನಿಲ್ಲಿಸಿ ಎದ್ದೇ ಕೂತಿದ್ದ. "ಎಣ್ಣೇನಾ? ಕರೆಂಟ್ ಗಾಡಿಗಾ? ಬೇಡ ತಾಯಿ, ಬೇಡ! ಎಣ್ಣೆ ಬಿಟ್ರೆ ಧೂಳು ಅಂಟುತ್ತೆ, ಧೂಳು ಅಂಟಿದ್ರೆ ಸವೆಯುತ್ತೆ. ಒಣಗಿಸಿ ಇಟ್ಕೋ. ಹೊಸ ಗಾಡಿ ಹೊಸ ಸೊಸೆ ಇದ್ದ ಹಾಗೆ, ಸ್ವಲ್ಪ ದಿನ ಕೂಗಾಡುತ್ತೆ, ಆಮೇಲೆ ಪಳಗುತ್ತೆ."

ಸೊಸೆಯ ಮಾತು ಅವಳಿಗೆ ಹಿಡಿಸಲಿಲ್ಲ. ಆದರೆ 'ಒಣಗಿಸಿ ಇಟ್ಕೋ' ಎಂಬುದು ಹಿರಿಯ ಸಿಸ್ಟರ ಬಾಯಿಂದಲೇ ಬಂದ ಹಾಗಿತ್ತು. ನಂಬಿದಳು. ಬಸ್ಸಿನ ಸ್ಟೀರಿಂಗ್ ಹಿಡಿದು ಮುದುಕನಾದವನು ಚೈನಿನ ವಿಷಯದಲ್ಲಿ ಸುಳ್ಳು ಹೇಳಿಯಾನೆ?

ಗಾಯ ಮಾತ್ರ ಕೂಡುತ್ತಿರಲಿಲ್ಲ. ಅವಳು ಹತ್ತಿಯಂತೆ ಬೆಳ್ಳಗೆ ಕಟ್ಟಿ ಹೋದ ಪಟ್ಟಿ, ಮತ್ತೆ ಬಂದು ನೋಡಿದರೆ ಬದಿಯಲ್ಲಿ ಚಪ್ಪಟೆಯಾಗಿ ಕಪ್ಪಾಗಿರುತ್ತಿತ್ತು. ಮೊದಲ ಸಲ ಆ ಕಪ್ಪು ನೋಡಿದಾಗ ಬೆರಳೇ ಕೊಳೆಯುತ್ತಿದೆಯೇನೋ ಎಂದು ಅವಸರದಲ್ಲಿ ಪಟ್ಟಿಗೆ ಕತ್ತರಿ ಹಾಕಿದ್ದಳು. ಬಿಚ್ಚಿದರೆ ಕಪ್ಪು ಮೇಲೆ ಮೇಲಷ್ಟೆ.

"ಮಂಚದ ಕಬ್ಬಿಣ ಬಣ್ಣ ಬಿಡ್ತಿದೆ ಸಿಸ್ಟರಮ್ಮ" ಎಂದ ಅಜ್ಜ.

ಅವಳು ಮಂಚದ ಕಾಲನ್ನೂ ಸ್ಪಿರಿಟ್ ಹಾಕಿ ತಿಕ್ಕಿದಳು. ಅಜ್ಜನ ಹೆಂಡತಿ, ಅಜ್ಜಿ, ಬೆಳಿಗ್ಗೆಯೆಲ್ಲ ತರಕಾರಿ ಅಂಗಡಿಯಲ್ಲಿ ಇರುತ್ತಿದ್ದವಳು, ಮಧ್ಯಾಹ್ನ ಬಂದು ಮಂಚ ನೋಡಿ, "ನನ್ನ ಗಂಡನ್ನ ಬಿಟ್ಟು ಮಂಚಕ್ಕೆ ಯಾಕೆ ಔಷಧಿ ಮಾಡ್ತಿದಾಳೆ ಆ ಸಿಸ್ಟರು?" ಎಂದಳಂತೆ.

ಅಜ್ಜನ ಕಾಲು ನೋಡುತ್ತಿದ್ದ ಡಾಕ್ಟರು ಕೊನೆಗೆ ಕನ್ನಡಕದ ಮೇಲಿಂದ ನೋಡಿದರು. "ಮುಂದಿನ ವಾರ ಇನ್ನೊಂದ್ಸಲ ನೋಡೋಣ. ಹೀಗೇ ಇದ್ರೆ ಕಿರುಬೆರಳು ತೆಗೆಯೋದೇ. ಬಿಟ್ಟರೆ ಪಾದಕ್ಕೆ ಏರುತ್ತೆ." ಆಮೇಲೆ ಅವಳ ಕಡೆ ತಿರುಗಿ, "ಪಟ್ಟಿ ಸರಿಯಾಗಿ ಕಟ್ತಾ ಇದೀರಾ?" ಎಂದರು.

ಆ ಮಾತು ಅವಳ ಜೊತೆ ಮನೆಗೆ ಬಂತು, ಊಟಕ್ಕೆ ಕೂತಿತು, ಮಗಳನ್ನು ಮಲಗಿಸುವಾಗ ತೊಟ್ಟಿಲ ಪಕ್ಕದಲ್ಲೂ ನಿಂತಿತು. ಅವಳ ಕೈಯಲ್ಲಿ ಯಾವ ಗಾಯವೂ ಹೀಗೆ ಹಟ ಮಾಡಿರಲಿಲ್ಲ. ಬೆರಳು ಅಜ್ಜನದು, ಹೋದರೆ ಅಜ್ಜನದೇ ಹೋಗುತ್ತದೆ. ಆದರೆ ತೆಗೆದದ್ದು ತನ್ನ ಕೈ ಎಂದು ಅವಳಿಗೆ ಅನ್ನಿಸತೊಡಗಿತು.

ಡಾಕ್ಟರು ಹೇಳಿದ ವಾರ ಮುಗಿಯಲು ಇನ್ನು ಸ್ವಲ್ಪವೇ ದಿನ ಇತ್ತು. ಆ ಬೆಳಿಗ್ಗೆ ಅಜ್ಜನ ಮನೆಗೆ ಹೊರಟವಳು ಏರಿನ ಬುಡದಲ್ಲಿ ಆಕ್ಸಿಲರೇಟರ್ ತಿರುವಿದಳು. ಚೈನು ಒಮ್ಮೆ ಕೀಂ ಎಂದಿತು. ಆಮೇಲೆ ಟಕ್ ಎಂದಿತು. ಆಮೇಲೆ ಏನೂ ಅನ್ನಲಿಲ್ಲ. ಮೋಟರ್ ತಿರುಗುತ್ತಿತ್ತು, ಗಾಡಿ ಹೋಗುತ್ತಿರಲಿಲ್ಲ. ಹಲ್ಲಿನ ಚಕ್ರದಿಂದ ಕಳಚಿದ ಚೈನು ಸತ್ತ ಹಾವಿನ ಹಾಗೆ ಜೋತುಬಿದ್ದಿತ್ತು.

ತಳ್ಳಿಕೊಂಡು ಗ್ಯಾರೇಜಿಗೆ ಬಂದಳು. ಗ್ಯಾರೇಜ್ ನಡೆಸುವವಳು ಒಬ್ಬ ಹೆಂಗಸು. ಎಲ್ಲರಿಗೂ ಸ್ಪ್ಯಾನರ್ ಅಕ್ಕ. ಕೈಯೂ ಜೋರು, ಬಾಯಿ ಅದಕ್ಕಿಂತ ಜೋರು.

ಅಕ್ಕ ಬಗ್ಗಿ ಚೈನು ನೋಡಿದಳು. ಮೂಸಿದಳು. ಮತ್ತೆ ಮೂಸಿದಳು.

"ಇದೇನೇ ಇದು, ಆಸ್ಪತ್ರೆ ವಾಸನೆ?"

"ಸ್ಪಿರಿಟ್ ಅಕ್ಕ. ವಾರ ವಾರ ಒರೆಸ್ತೀನಿ."

"ಯಾಕೆ, ಇದಕ್ಕೆ ಇಂಜೆಕ್ಷನ್ ಕೊಡ್ತೀಯಾ?"

"ಶುಚಿಯಾಗಿರ್ಲಿ ಅಂತ…"

"ಶುಚಿ ಆಮೇಲೆ?"

"ಒಣಗಿಸಿ ಇಡ್ತೀನಿ."

ಸ್ಪ್ಯಾನರ್ ಅಕ್ಕ ನೆಲದ ಮೇಲೆಯೇ ಕೂತು ಹಣೆ ಚಚ್ಚಿಕೊಂಡಳು. ಹಣೆಯ ಮೇಲೆ ಗ್ರೀಸಿನ ಐದು ಬೆರಳು ಮೂಡಿದವು. "ಅಯ್ಯೋ ಪುಣ್ಯಾತ್ಗಿತ್ತಿ! ರೋಗಿಗಳಿಗೆ ಕಣ್ಣಿಗೆ ಎಣ್ಣೆ ಬಿಟ್ಕೊಂಡು ಕಾಯ್ತೀಯಂತೆ, ಚೈನಿಗೆ ಮಾತ್ರ ಒಂದು ತೊಟ್ಟು ಬಿಡಲ್ವಾ? ಇದು ಗಾಯ ಅಲ್ಲ ಕಣೇ, ಕೀಲು! ನಿನ್ನ ಮೊಣಕಾಲಿಗೆ ಸ್ಪಿರಿಟ್ ಕುಡಿಸಿ ಒಣಗಿಸಿದ್ರೆ ನೀನೂ ಹೀಗೇ ಕಿರುಚ್ತೀಯ. ಯಾರು ಹೇಳಿದ್ದು ನಿಂಗೆ ಎಣ್ಣೆ ಬೇಡ ಅಂತ?"

"ಡ್ರೈವರಜ್ಜ."

"ಬಸ್ಸಲ್ಲಿ ಚೈನು ಎಲ್ಲಿದ್ಯೇ?"

ಸಿಸ್ಟರು ಈ ಪ್ರಶ್ನೆ ತನಗೆ ಯಾಕೆ ಹೊಳೆಯಲಿಲ್ಲ ಎಂದು ಯೋಚಿಸುವಷ್ಟರಲ್ಲಿ ಅಕ್ಕ ಕೈ ಚಾಚಿದ್ದಳು.

"ಮೊದಲು ಕೀ ಕೊಡು. ಕರೆಂಟ್ ಗಾಡಿ ಎಚ್ಚರ ಇದ್ಯೋ ನಿದ್ದೆ ಮಾಡ್ತಿದ್ಯೋ ಗೊತ್ತಾಗಲ್ಲ. ಯಾರೋ ಬಂದು ಹ್ಯಾಂಡಲ್ ತಿರುವಿದ್ರೆ ನನ್ನ ಬೆರಳು ಚೈನಿಗೆ. ಆಮೇಲೆ ನಿನ್ನ ಹತ್ರಾನೇ ಕಟ್ಟಿಸ್ಕೋಬೇಕು." ಕೀ ಅಕ್ಕನ ಜೇಬು ಸೇರಿತು.

ಚೈನು ಮತ್ತೆ ಹಲ್ಲಿಗೆ ಕೂತಿತು. ಸಡಿಲವಾಗಿದ್ದುದನ್ನು ಹಿಂದಿನ ಚಕ್ರ ಸರಿಸಿ ಬಿಗಿ ಮಾಡಿದಳು; ತೀರ ಬಿಗಿಯಾದರೆ ಅದೂ ನರಳುತ್ತದೆ, ನಡುವೆ ಬೆರಳಿಟ್ಟು ಎತ್ತಿದರೆ ಸ್ವಲ್ಪ ಆಡಬೇಕು ಎಂದು ಸಿಸ್ಟರ ಕೈಯನ್ನೇ ಹಿಡಿದು ಎತ್ತಿಸಿದಳು. ಆಮೇಲೆ ಚಕ್ರವನ್ನು ಕೈಯಲ್ಲಿ ಹಿಂದಕ್ಕೆ ತಿರುಗಿಸುತ್ತಾ ಚೈನಿನ ಒಳಮೈಗೆ ಎಣ್ಣೆ ಸ್ಪ್ರೇ ಮಾಡಿದಳು. "ಹೊರಗಡೆ ಹೊಡೆದ್ರೆ ನಿನ್ನ ಬಿಳೀ ಪ್ಯಾಂಟಿಗೆ ಹಾರುತ್ತೆ. ಒಳಗಡೆ ಹೊಡಿ, ತಿರುಗ್ತಾ ತಿರುಗ್ತಾ ತಾನೇ ಕೊಂಡಿಗೆ ಇಳಿಯುತ್ತೆ. ಈಗ ಸುಮ್ನೆ ಕೂತ್ಕೋ, ಕುಡೀಲಿ ಅದು."

ಚೈನು ಎಣ್ಣೆ ಕುಡಿಯುವಷ್ಟು ಹೊತ್ತು ಸುಮ್ಮನೆ ಕೂರುವುದು ಸಿಸ್ಟರಿಗೆ ಆಗಲಿಲ್ಲ. ಅಕ್ಕನ ಹೆಬ್ಬೆರಳ ಮೇಲೆ ತಗಡು ಕೊಯ್ದ ಗೀರು ಕಣ್ಣಿಗೆ ಬಿತ್ತು.

"ಟಿ.ಟಿ. ಇಂಜೆಕ್ಷನ್ ಯಾವಾಗ ತಗೊಂಡಿದ್ದು?"

"ಹುಟ್ಟಿದಾಗ ಕೊಟ್ಟಿರ್ಬೇಕು ಯಾರೋ."

"ತೋಳು ಕೊಡಿ."

"ಏಯ್, ಬೇಡ… ಏನಿಲ್ಲ ಅದು… ಅಯ್ಯಯ್ಯೋ!" ಗ್ಯಾರೇಜಿನಲ್ಲಿ ಆ ದಿನ ಕೊನೆಯ ಕೀಂ ಎಂದದ್ದು ಚೈನಲ್ಲ.

ಹೆಚ್ಚಾದ ಎಣ್ಣೆಯನ್ನು ಒರೆಸಿಸಿಕೊಂಡು ಸಿಸ್ಟರು ಹೊರಟಳು. ಬೀದಿಗೆ ಬಂದ ಮೇಲೆ ಒಂದು ಕ್ಷಣ ಗಾಡಿ ಆನ್ ಆಗಿಲ್ಲವೇನೋ ಎಂದುಕೊಂಡಳು. ಆದರೆ ಮರಗಳು ಹಿಂದಕ್ಕೆ ಹೋಗುತ್ತಿದ್ದವು. ತನ್ನ ಉಸಿರು ತನಗೇ ಕೇಳುತ್ತಿತ್ತು. ಮೂಲೆಮನೆಯ ಜಗಲಿಯಲ್ಲಿ ದೊಡ್ಡಮ್ಮ ಬಿಸಿಲಿಗೆ ಕೂತು ಒಂದಾದ ಮೇಲೊಂದು ಬಿಸ್ಕತ್ತು ತಿನ್ನುತ್ತಿದ್ದಳು. ಸಿಸ್ಟರು ಪಕ್ಕದಲ್ಲೇ ಹಾದುಹೋಗುತ್ತಾ, "ಚೆನ್ನಾಗಿದ್ಯಾ ದೊಡ್ಡಮ್ಮ?" ಎಂದಳು. ಡಬ್ಬಿ ನೆಲಕ್ಕೆ ಬಿದ್ದ ಸದ್ದು ಹಿಂದಿನಿಂದ ಕೇಳಿತು.

ಏರು ಹತ್ತಿ ತಿರುವಿಗೆ ಬಂದರೆ ಬಸ್ ಡಿಪೋ. ಅದರ ಹಿಂದಿನ ಓಣಿಯಲ್ಲೇ ಅಜ್ಜನ ಮನೆ. ಡಿಪೋ ಗೇಟಿನ ಎದುರು ಚಹಾದ ಅಂಗಡಿ, ಅಂಗಡಿಯ ಮುಂದೆ ಬೆಂಚು. ಬೆಂಚಿನ ಮೇಲೆ ಯಾರೋ ಅವಳು ಬರುವ ದಿಕ್ಕಿಗೆ ಬೆನ್ನು ಹಾಕಿ ಕೂತು, ರಿವರ್ಸ್ ಬರುತ್ತಿದ್ದ ಬಸ್ಸಿಗೆ ಕೈ ಬೀಸಿ ಅರಚುತ್ತಿದ್ದರು.

"ಎಡಕ್ಕೆ ಹೊಡಿಯೋ! ಎಡಕ್ಕೆ! ಅಲ್ಲಿ ಕನ್ನಡಿ ಇಟ್ಟಿರೋದು ತಲೆ ಬಾಚ್ಕೊಳ್ಳೋಕಾ?"

ಅವಳು ಸುಮ್ಮನೆ ಹೋಗಿಬಿಡುತ್ತಿದ್ದಳು. ಆದರೆ ಆ ಮನುಷ್ಯನ ಕಾಲು ಕಣ್ಣಿಗೆ ಬಿತ್ತು. ಪಾಲಿಶ್ ಹಚ್ಚಿ ಮಿರಿಮಿರಿ ಮಿಂಚುವ ಕಪ್ಪು ಬೂಟು, ಲೇಸು ಬಿಗಿದು ಕಟ್ಟಿದೆ. ಬೂಟಿನ ಮೇಲಂಚಿನಿಂದ ಬಿಳೀ ಪಟ್ಟಿಯ ತುದಿ ಇಣುಕುತ್ತಿದೆ, ಅದರ ಮೇಲೆ ಅಂಟುಪಟ್ಟಿಯನ್ನು ಅಡ್ಡಡ್ಡ ಎರಡು ಗೀಟು ಎಳೆದು ಅಂಟಿಸಿದೆ. ಹಾಗೆ ಅಂಟಿಸುವುದು ಈ ಬಡಾವಣೆಯಲ್ಲಿ ಒಬ್ಬಳೇ. ಮುಖ ನೋಡುವ ಮೊದಲೇ ಕಾಲಿನಿಂದ ಗುರುತು ಸಿಕ್ಕಿತು.

ಗಾಡಿಯನ್ನು ಬೆಂಚಿನ ಹಿಂದೆ ತಂದು ನಿಲ್ಲಿಸಿದಳು. ಒಂದಿಷ್ಟೂ ಸದ್ದಾಗಲಿಲ್ಲ.

"ಮಂಚದ ಕಬ್ಬಿಣ ಜೋರಾಗಿ ಬಣ್ಣ ಬಿಡ್ತಿದೆ ಅಲ್ವಾ ಅಜ್ಜ?"

ಅಜ್ಜ ಬೆಂಚಿನಿಂದ ಅರ್ಧ ಹಾರಿದ. ಅವಳನ್ನು ನೋಡಿದ, ಸ್ಕೂಟರನ್ನು ನೋಡಿದ, ಚೈನನ್ನು ನೋಡಿದ. ಮುಖ ಕೆಂಪಾಯಿತು.

"ಎಣ್ಣೆ ಬಿಟ್ಯಾ? ಬಿಡ್ಬೇಡ ಅಂತ ಹೇಳಿರ್ಲಿಲ್ವಾ ನಾನು?"

ಸಿಟ್ಟಿನಲ್ಲಿ ಆಡಿದ ಮಾತು ಅದು. ಬಾಯಿಂದ ಹೊರಬಿದ್ದ ಮೇಲೆ ಅಜ್ಜನಿಗೂ ಅದರ ರುಚಿ ಗೊತ್ತಾಯಿತು. ಚಹಾದ ಅಂಗಡಿಯವನು ಲೋಟ ತೊಳೆಯುವುದನ್ನು ನಿಲ್ಲಿಸಿದ.

ಸಿಸ್ಟರಿಗೆ ಎಲ್ಲವೂ ಒಟ್ಟಿಗೇ ತಿಳಿಯಿತು. ಏರಿನಲ್ಲಿ ಚೈನು ಕಿರುಚುವುದು, ಇಲ್ಲಿ ಕೂತವನಿಗೆ ಅದು ಕೇಳುವುದು, ಹಿಂದಿನ ಓಣಿಯಿಂದ ಮನೆಗೆ ಓಟ, ಬೂಟು ಮಂಚದಡಿಗೆ, ಕಾಲು ದಿಂಬಿನ ಮೇಲೆ, ಮೇಲೆ ಒಂದಿಷ್ಟು ನರಳಾಟ. ಇಷ್ಟು ದಿನ ಅವಳ ಕಿವಿಗೆ ಹೂ ಇಟ್ಟಿದ್ದಲ್ಲದೆ, ಕಾವಲುಗಾರನನ್ನೂ ಅವಳ ಗಾಡಿಯಲ್ಲೇ ಕೂರಿಸಿದ್ದ ಮುದುಕ!

"ನಿಮ್ಮನ್ನ ವಿಧೇಯ ರೋಗಿ ಅಂತಿದ್ದೆ ನಾನು" ಎಂದಳು. "ಡಾಕ್ಟರ್ ಹತ್ರ ಬೈಸ್ಕೊಂಡೆ. ನಿಮ್ಮ ಮಂಚ ತೊಳೆದೆ. ಮಂಚ!"

"ನೋವೇ ಆಗಲ್ಲಮ್ಮ ಬೂಟು ಹಾಕ್ಕೊಂಡ್ರೆ" ಎಂದ ಅಜ್ಜ, ಅದೊಂದು ಸಮಾಧಾನ ಎಂಬಂತೆ.

"ಅದೇ ಕಾಯಿಲೆ ಅಜ್ಜ! ನಿಮ್ಮ ಕಾಲಿಗಿಂತ ನನ್ನ ಚೈನೇ ವಾಸಿ. ಕಷ್ಟ ಆದ್ರೆ ಬಾಯಿ ಬಿಟ್ಟು ಕಿರುಚುತ್ತೆ. ನಿಮ್ಮ ಬೆರಳು ಬಾಯಿ ಮುಚ್ಕೊಂಡು ಸಾಯ್ತಿದೆ."

ಅಜ್ಜ ಬೂಟನ್ನೇ ನೋಡುತ್ತಾ ಕೂತ. ಬಸ್ಸು ಯಾರ ಸಲಹೆಯೂ ಇಲ್ಲದೆ ಸರಿಯಾಗಿ ನಿಂತಿತು, ಅದೂ ಅವನಿಗೆ ಸಂಕಟವೇ.

"ಚಪ್ಪಲೀಲಿ ಬರೋದಲ್ವಾ?" ಎಂದಳು ಸ್ವಲ್ಪ ತಣ್ಣಗಾಗಿ.

"ಚಪ್ಪಲಿ ಹಾಕ್ಕೊಂಡು ಡ್ಯೂಟಿಗೆ ಬಂದ ಹುಡುಗ್ರನ್ನ ನಾನು ಸೀಟಿಂದ ಇಳ್ಸಿದೀನಿ ಕಣಮ್ಮ. ಅವರೇ ಈಗ ಇಲ್ಲಿ ದೊಡ್ಡೋರು. ನಾನು ಪಟಪಟ ಅಂತ ಚಪ್ಪಲೀಲಿ ಬಂದ್ರೆ ಬಿಡ್ತಾರಾ?" ಆಮೇಲೆ ದನಿ ಇಳಿಸಿದ. "ಮನೇಲಿ ನಾನು ಅಂದ್ರೆ ಬರೀ ಒಂದು ಕಾಲು. ಬಂದವರೆಲ್ಲ 'ಕಾಲು ಹೇಗಿದೆ' ಅಂತಾರೆ. ಮಗಳು ಫೋನ್ ಮಾಡಿದ್ರೂ ಕಾಲಿನ ಸಮಾಚಾರ. ನೀನೂ ಅಷ್ಟೇ, ಬಾಗಿಲಲ್ಲೇ ಕಾಲನ್ನ ಮಾತಾಡ್ಸಿ ಬರ್ತೀಯ. ಇಲ್ಲಿ ಯಾರೂ ಕಾಲು ಕೇಳಲ್ಲ. ಬೈತಾರೆ, ನಾನೂ ಬೈತೀನಿ."

ಸಿಸ್ಟರಿಗೆ ತಾನೂ ಈಗಷ್ಟೇ ಅವನನ್ನು ಕಾಲಿನಿಂದಲೇ ಗುರುತಿಸಿದ್ದು ನೆನಪಾಯಿತು. ಹೆರಿಗೆಯಾದ ಹೊಸತರಲ್ಲಿ ಮನೆಗೆ ಬಂದವರೆಲ್ಲ ಅವಳ ಭುಜದ ಆಚೆ ತೊಟ್ಟಿಲಿನ ಕಡೆ ನೋಡಿ ಮಾತಾಡುತ್ತಿದ್ದುದೂ ನೆನಪಾಯಿತು. ಆದರೆ ಮರುಕಪಡುತ್ತಾ ಕೂತರೆ ಬೆರಳು ಉಳಿಯುವುದಿಲ್ಲ. ಚೀಲ ತೆರೆದಳು.

"ಬೂಟು ಬಿಚ್ಚಿ."

ಅಲ್ಲೇ ಬೆಂಚಿನ ಮೇಲೆ ಪಟ್ಟಿ ಬಿಚ್ಚಿ ತೊಳೆದು ಹೊಸದು ಕಟ್ಟಿದಳು. ಆಮೇಲೆ ಪಟ್ಟಿ ಕತ್ತರಿಸುವ ದಪ್ಪ ಕತ್ತರಿ ತೆಗೆದು, ಎಡಗಾಲಿನ ಬೂಟನ್ನು ತೊಡೆಯ ಮೇಲಿಟ್ಟುಕೊಂಡಳು.

"ಏ… ಏ ತಾಯಿ, ಏನು ಮಾಡ್ತಿದೀಯ?"

"ಆಪರೇಷನ್. ಬೆರಳು ತೆಗೀಬೇಕು, ಇಲ್ಲ ಬೂಟು ಕೊಯ್ಯಬೇಕು. ಯಾವುದು ಹೇಳಿ."

ಅಜ್ಜ ಬೂಟನ್ನು ನೋಡಿದ, ಬೆರಳನ್ನು ನೋಡಿದ, ಮತ್ತೆ ಬೂಟನ್ನು ನೋಡಿದ. ಇಷ್ಟು ಯೋಚಿಸಬೇಕಾದ ವಿಷಯವೇ ಇದು ಎಂದು ಅವಳಿಗೆ ಕೈ ಎತ್ತಿ ಒಂದು ಬಿಡಬೇಕೆನ್ನಿಸಿತು. ಕೊನೆಗೆ ಅವನು ಕಣ್ಣು ಮುಚ್ಚಿ ಮುಖ ತಿರುಗಿಸಿದ. ಕತ್ತರಿ ಚರ್ಮದೊಳಗೆ ಹೋಯಿತು. ಕಿರುಬೆರಳಿನ ಬದಿಯೂ ಮುಂದಿನ ಮೂತಿಯೂ ಹೋದವು; ಹಿಮ್ಮಡಿ ಉಳಿಯಿತು, ಲೇಸು ಉಳಿಯಿತು, ಮಿಂಚು ಉಳಿಯಿತು. ಅಜ್ಜನ ಬೆರಳುಗಳು ಕಿಟಕಿಯಲ್ಲಿ ನಿಂತ ಮಕ್ಕಳ ಹಾಗೆ ಸಾಲಾಗಿ ಹೊರಗೆ ಇಣುಕಿದವು.

"ದಿನಕ್ಕೆ ಒಂದ್ಸಲ ಇಲ್ಲಿ. ನಡೆಯೋದು ಮನೆಯಿಂದ ಬೆಂಚಿಗೆ, ಬೆಂಚಿಂದ ಮನೆಗೆ. ಓಡೋ ಹಾಗಿಲ್ಲ. ಇನ್ನು ಓಡೋಕೆ ಕಾರಣಾನೂ ಇಲ್ಲ" ಎಂದಳು. "ಹೆಂಗಿದ್ರೂ ನಾನು ಬರೋದು ನಿಮಗೆ ಕೇಳ್ಸಲ್ಲ."

"ಇದೇನಜ್ಜ, ಬೂಟಿಗೆ ಕಿಟಕಿ ಇಡ್ಸಿದೀಯ?" ಬಸ್ಸಿನಿಂದ ಇಳಿದ ಡ್ರೈವರ್ ಕೂಗಿದ.

"ಗಾಳಿ ಆಡ್ಲಿ ಅಂತ! ನಿನ್ನ ತಲೆಗೂ ಒಂದು ಇಡ್ಸ್ಕೋ ಹೋಗೋ!" ಎಂದ ಅಜ್ಜ. ಬೈಗುಳ ಸರಾಗವಾಗಿ ಬಂತು. ಮುಖಕ್ಕೆ ಕಳೆಯೂ ಬಂತು.

ವಾರ ಮುಗಿದು ಡಾಕ್ಟರು ನೋಡಿದಾಗ ಗಾಯದ ಅಂಚಿನಲ್ಲಿ ತೆಳು ಗುಲಾಬಿ ಬಣ್ಣ ಮೂಡಿತ್ತು. "ಸದ್ಯಕ್ಕೆ ಬೆರಳು ಅಲ್ಲೇ ಇರ್ಲಿ" ಎಂದರು. "ಏನು ಬದಲಾಯಿಸಿದ್ರಿ, ಮುಲಾಮಾ?"

"ಚೈನಿಗೆ ಎಣ್ಣೆ ಬಿಟ್ಟೆ ಸಾರ್" ಎಂದಳು ಸಿಸ್ಟರು. ಡಾಕ್ಟರು ಅದನ್ನು ಚೀಟಿಯಲ್ಲಿ ಬರೆಯಲಿಲ್ಲ.

ಅಜ್ಜಿಗೆ ವಿಷಯ ತಿಳಿದು, ಅವಳು ತರಕಾರಿ ಚೀಲ ಕೆಳಗಿಡದೆಯೇ ಗಂಡನಿಗೆ ಮಾಡಿದ ಮಂಗಳಾರತಿಯನ್ನು ಇಲ್ಲಿ ಬರೆಯುವ ಹಾಗಿಲ್ಲ. ಸಿಸ್ಟರು ಈಗ ಅಜ್ಜನ ಮನೆಯ ಬಾಗಿಲಲ್ಲಿ ಮೊದಲು, "ಇವತ್ತು ಯಾರಿಗೆ ಬೈದ್ರಿ?" ಎಂದು ಕೇಳುತ್ತಾಳೆ. ಅದರ ವರದಿ ಮುಗಿಯುವಷ್ಟರಲ್ಲಿ ಪಟ್ಟಿ ಕಟ್ಟಿ ಆಗಿರುತ್ತದೆ.

ಭಾನುವಾರದ ಆರೈಕೆ ಈಗಲೂ ಇದೆ: ಕೀ ತೆಗೆದು ಸೊಂಟಕ್ಕೆ, ಬ್ರಶ್ಶು, ಒರೆಸುವ ಬಟ್ಟೆ, ಒಳಮೈಗೆ ಎಣ್ಣೆ, ಅದು ಕುಡಿಯುವ ತನಕ ಕಾಫಿ. ಗಂಡ ಒಮ್ಮೆ ಹೊರಗೆ ಬಂದು ನೋಡಿ, "ಈಗ ಕೂಗ್ತಾನೇ ಇಲ್ವಲ್ಲ, ನಾನು ಹೇಳ್ದಂಗೆ ಮಾಡಿದ್ಯಾ?" ಎಂದು ಒಳಗೆ ಹೋದ.

ನಷ್ಟವಾದದ್ದು ಒಂದೇ. ಮೊದಲೆಲ್ಲ ಬೀದಿಯ ತುದಿಯಲ್ಲಿ ಚೈನು ಕಿರುಚಿದ ಕೂಡಲೇ ಮಗಳು, "ಕೀಂ ಬಂತು, ಕೀಂ ಬಂತು" ಎಂದು ತನ್ನ ಅಜ್ಜಿಯ ಕೈ ಕೊಸರಿಕೊಂಡು ಗೇಟಿಗೆ ಓಡಿಬರುತ್ತಿದ್ದಳು. ಅಮ್ಮ ಎನ್ನುವುದಕ್ಕಿಂತ ಮೊದಲು ಕಲಿತದ್ದು ಅದನ್ನೇ. ಗಾಡಿ ಸುಮ್ಮನಾದ ಮೇಲೆ ಗೇಟಿನಲ್ಲಿ ಯಾರೂ ಇರುತ್ತಿರಲಿಲ್ಲ. ತಾಯಿ ಒಳಗೆ ಬಂದು ನಿಂತರೂ ಮಗು ಬೇರೆ ಯಾರೋ ಬಂದ ಹಾಗೆ ನೋಡುತ್ತಿತ್ತು. ಹಾರ್ನ್ ಹೊಡೆದು ನೋಡಿದಳು, ಮಗು ಹೆದರಿ ಅತ್ತಿತು.

ಆದ್ದರಿಂದ ಸೂಜಿ ಸಿಸ್ಟರ್ ಈಗ ಸಂಜೆ ಮನೆಯ ಮುಂದೆ ಗಾಡಿ ನಿಲ್ಲಿಸಿ, ಹೆಲ್ಮೆಟ್ ತೆಗೆದು, ಬೀದಿಯ ಎರಡೂ ಕಡೆ ಒಮ್ಮೆ ನೋಡಿ, ಗೇಟಿನ ಹತ್ತಿರ ಬಾಯಿಟ್ಟು ತಾನೇ "ಕೀಂ… ಕೀಂ…" ಎನ್ನುತ್ತಾಳೆ. ಒಳಗಿನಿಂದ ಪುಟ್ಟ ಕಾಲು ಓಡಿಬರುವ ಸದ್ದು ಕೇಳುತ್ತದೆ. ಎದುರುಮನೆಯ ಲೆಕ್ಕದ ಮೇಷ್ಟ್ರು ಬಚ್ಚಲಮನೆಗೆ ಓಡಿ ಚಿಲಕ ಹಾಕಿಕೊಳ್ಳುವ ಸದ್ದೂ.